ತಂಪು ಸೂರು

ಥಂಡಿ ಕೋಣೆಯೊಳಗೆ ಬಂದವನೇ ಅವನು ತಲೆಯೆತ್ತಿ ಸೂರು ನೋಡತೊಡಗಿದ.

"ಈ ಪ್ಯಾನೆಲ್ ನಮ್ಮ ಫ್ಯಾಕ್ಟರೀದು ಸಾರ್. ತಗಡು ಮಡಿಸೋ ರೋಲರ್ ಮೆಷಿನ್ ಓಡಿಸೋದು ನಾನೇ. ಮೇಲೊಂದು ತಗಡು, ಕೆಳಗೊಂದು ತಗಡು, ಮಧ್ಯೆ ಫೋಮು."

ಅಲ್ಲಿನ ನೌಕರ ಸ್ಟ್ರೆಚರ್ ಒಂದನ್ನು ಅವನ ಮುಂದೆ ತಂದು ನಿಲ್ಲಿಸಿದ.

ಅವನು ಗೋಡೆಯ ಪ್ಯಾನೆಲ್‌ಗಳು ಕೂಡುವ ಕಡೆ ಬೆರಳಾಡಿಸಿದ. "ಎಲ್ಲೂ ಸಂದು ಬಿಟ್ಟಿಲ್ಲ. ಕರೆಂಟ್ ಹೋದ್ರೂ ತಂಪು ನಿಲ್ಲತ್ತಾ?"

"ನಾಲ್ಕು ಗಂಟೆ ನಿಲ್ಲತ್ತೆ."

"ನಮ್ಮನೆಗೆ ಬರೀ ತಗಡಿನ ಶೀಟು. ಬೇಸಿಗೇಲಿ ಒಳಗೆ ಕೂರೋಕಾಗಲ್ಲ. ಒಂದೆರಡು ಡ್ಯಾಮೇಜ್ ಪೀಸಾದ್ರೂ ಕೇಳಿ ತಂದು ಹಾಕು ಅಂತ ಹೆಂಡ್ತಿ ದಿನಾ ಬೈತಾಳೆ. ನಾಳೆ ಕೇಳ್ಬೇಕು."

ನೌಕರ ಸ್ಟ್ರೆಚರ್ ಮೇಲಿನ ಬಿಳಿ ಬಟ್ಟೆಯ ಅಂಚು ಸರಿಸಿದ. "ಒಂದ್ಸಲ ಕೆಳಗೆ ನೋಡಿ ಯಜಮಾನ್ರೇ. ಇವ್ರು ನಿಮ್ಮ ಹೆಂಡ್ತೀನೇ ಅಲ್ವಾ?"