ನೀರು ಕಾಣುವ ರೂಮು

ಮೂರನೇ ಹೋಟೆಲನ್ನೂ ಶೈಲಜಾ ತಳ್ಳಿಹಾಕಿದಳು.

"ಇದಕ್ಕೇನಾಗೇತ್ರಿ ಅಕ್ಕಾರ?" ಸ್ನೇಹಲ್ ಮುಖ ಸಣ್ಣದು ಮಾಡಿದಳು. ಫೋನಿನ ಪರದೆಯಲ್ಲಿ ನೈನಿತಾಲದ ಸರೋವರ, ದಂಡೆಯಲ್ಲೊಂದು ಬಿಳಿ ಕಟ್ಟಡ, ಬಾಲ್ಕನಿಯಲ್ಲಿ ಎರಡು ಬೆತ್ತದ ಕುರ್ಚಿ.

"ರೂಮ್ ನೆಲಮಟ್ಟದಾಗ ಐತಿ. ಥಂಡಿ ಏರತೈತಿ. ಥಂಡಿ ಹತ್ತಿದ್ರ ಅವರಿಗೆ ಬೆಳತನಕ ದಮ್ಮು. ನೀ ಸರೋವರ ನೋಡ್ತಿಯೋ, ಎದಿ ತಿಕ್ಕೋತ ಕುಂದ್ರತಿಯೋ?"

ಬೈಲಹೊಂಗಲದ ಆ ಹತ್ತಿ ವ್ಯಾಪಾರಿಗಳ ಮನೆಯಲ್ಲಿ ಹಿಂದಿ, ಇಂಗ್ಲಿಷು ಎರಡೂ ಬರುವವಳು ಹಿರಿಸೊಸೆ ಶೈಲಜಾ ಒಬ್ಬಳೇ. ಹಾಗಾಗಿ ಸಚಿನ ಮತ್ತು ಸ್ನೇಹಲ್ ಮದುವೆಯಾದ ಮೇಲೆ ಹೋಗಲಿರುವ ಹೋಟೆಲು ಆರಿಸುವ ಕೆಲಸ ಅವಳ ಕೊರಳಿಗೆ ಬಿದ್ದಿತ್ತು. ಕಟ್ಟಿದವಳು ಅತ್ತೆ ಚನ್ನವ್ವ. ಅವತ್ತು ಅತ್ತೆಯ ದನಿ ಬೆಲ್ಲವಾಗಿತ್ತು. ಚನ್ನವ್ವನ ದನಿ ಬೆಲ್ಲವಾದಾಗಲೆಲ್ಲ ಶೈಲಜಾ ಏನನ್ನಾದರೂ ಕಳೆದುಕೊಂಡಿದ್ದಾಳೆ.

"ಹಿರಿ ಸೊಸೀನ ಮುಂದ ನಿಂತು ಎಲ್ಲಾ ಮಾಡ್ಯಾಳ ಅಂದ್ರ ಊರ ಮಂದಿ ಬಾಯಿ ಮುಚ್ಚತೈತಿ," ಅಂದಿದ್ದಳು ಚನ್ನವ್ವ. "ಮನಿ ಕೀಲಿ ನಿನ್ನ ಸೊಂಟದಾಗನ ಇರ್ತಾವು. ನಾ ಮಾತು ಕೊಡತೇನಿ."

ಕೀಲಿಗಾಗಿಯೇ ಶೈಲಜಾ ಒಪ್ಪಿದ್ದು. ಮೂವತ್ತೈದು ದಾಟಿ, ಮಡಿಲು ತುಂಬದೆ ಉಳಿದವಳಿಗೆ ಈ ಮನೆಯಲ್ಲಿದ್ದ ಜಾಗವೆಂದರೆ ಆ ಗೊಂಚಲು. ಅದೂ ಹೋದರೆ ತವರಿಗೆ ನಡೆಯಬೇಕು. ತವರಿನಲ್ಲಿ ಅಣ್ಣ ಈಗಾಗಲೇ ಫೋನು ಎತ್ತುವುದನ್ನು ಬಿಟ್ಟಿದ್ದ. ಹಾಗಾಗಿಯೇ ಅವಳು ಒಂದೊಂದಾಗಿ ಹೋಟೆಲು ನೋಡುತ್ತಿದ್ದಳು.

ಸ್ನೇಹಲ್ ಜವಳಿ ತರಲೆಂದು ರಾಮದುರ್ಗದಿಂದ ಬಂದಿದ್ದಳು. ಮೂರು ಕಡೆ ಸಂಬಂಧ ಮುರಿದು ಮೂವತ್ತು ತುಂಬಿದ ಹುಡುಗಿ. ಕೆಟ್ಟವಳೇನಲ್ಲ. ಕೆಟ್ಟವಳಾಗಿದ್ದರೆ ಶೈಲಜಾಗೆ ಎಷ್ಟೋ ಸಲೀಸಾಗುತ್ತಿತ್ತು.

"ಸಚಿನ ಮೊದಲ ಸ್ವಿಟ್ಜರ್ಲೆಂಡ್ ಅಂದಿದ್ರರೀ," ಅಂದಳು ಸ್ನೇಹಲ್.

"ಅದು ಬ್ಯಾಡ. ಪಾಸ್‌ಪೋರ್ಟಿನ ಕಾಗದಪತ್ರದಾಗ ತ್ರಾಸ ಐತಿ," ಚನ್ನವ್ವ ಅಕ್ಕಿ ಆರಿಸುತ್ತಲೇ ಮಾತು ಕತ್ತರಿಸಿದಳು. "ಮತ್ತ ಏನವಾ, ಮಾತಿಗೊಮ್ಮಿ ಸಚಿನ ಸಚಿನ ಅಂತಿ? ಗಂಡನ ಹೆಸರು ಹಂಗ ಹಿಡೀಬಾರದು."

"ಇನ್ನ ಗಂಡ ಆಗಿಲ್ಲಲ್ರಿ ಅತ್ತಿ. ಅಕ್ಕಿಕಾಳು ಬಿದ್ದ ಮ್ಯಾಲೆ ಬಿಡತೇನಿ."

ಇಬ್ಬರೂ ನಕ್ಕರು. ಶೈಲಜಾ ನಾಲ್ಕನೇ ಹೋಟೆಲು ತೆರೆದಳು.

ಇದು ಸರಿಯಾಗಿತ್ತು. ಮೂರನೇ ಮಹಡಿ, ಗಟ್ಟಿ ಗಾದಿ, ಒಯ್ದ ಜೋಳದ ಹಿಟ್ಟಿನಿಂದ ರೊಟ್ಟಿ ಮಾಡಿಕೊಡಲು ತಯಾರಿದ್ದ ಅಡುಗೆಮನೆ. ಹಾಸಿಗೆಯಿಂದಲೇ ಸರೋವರ ಕಾಣುವಂಥ ಕಿಟಕಿ. ಶೈಲಜಾ ಫೋನು ಹಚ್ಚಿ ಹಿಂದಿಯಲ್ಲಿ ಒಂದೊಂದೇ ಕೇಳಿದಳು. ದಿಂಬು ಎಷ್ಟು, ಗೀಸರು ನಸುಕಿನಲ್ಲೂ ಇರುತ್ತದೆಯೇ, ದೋಣಿ ಹತ್ತಲೇಬೇಕೆಂಬ ಒತ್ತಾಯವಿದೆಯೇ. ನೀರು ಅಲುಗಿದರೆ ಅವರಿಗೆ ವಾಂತಿ ಎಂದು ವಿವರಿಸಿದಳು. ಯಾರ ಹೆಸರಿಗೆ ಎಂದು ಆ ಕಡೆಯವನು ಕೇಳಿದಾಗ ಫೋನನ್ನು ಸ್ನೇಹಲ್ ಕೈಗಿಟ್ಟು ನೀರು ಕುಡಿಯಲು ಎದ್ದಳು. ಸ್ನೇಹಲ್ ತನ್ನ ಅರೆಬರೆ ಹಿಂದಿಯಲ್ಲಿ ಹೆಸರು ಹೇಳಿದಳು. ಆ ವಾರಕ್ಕೆ ರೂಮು ಖಾಲಿ ಇಲ್ಲ, ಖಾಲಿಯಾದರೆ ತಾವೇ ಫೋನು ಮಾಡುತ್ತೇವೆ ಅಂದರಂತೆ.

"ಇಷ್ಟೆಲ್ಲಾ ನಿಮಗ ಹೆಂಗ ನೆನಪರೀ ಅಕ್ಕಾರ?"

"ಹನ್ನೊಂದು ವರ್ಷ ಉಣ್ಣಾಕ ನೀಡೇನಿ."

ಸ್ನೇಹಲ್ ತಲೆ ತಗ್ಗಿಸಿದಳು.

ಶೈಲಜಾಳ ಮಧುಚಂದ್ರ ನವಿಲುತೀರ್ಥದಲ್ಲಿ ಮುಗಿದಿತ್ತು, ಅರ್ಧ ದಿನದಲ್ಲಿ. ಗಂಡ ಬೈಕಿನ ಮೇಲೆ ಕರೆದೊಯ್ದು, ಡ್ಯಾಮಿನ ಹತ್ತಿರ ಹುರಿದ ಶೇಂಗಾ ಕೊಡಿಸಿ, "ಒಂದಿನ ಕಿಟಕಿ ತಗದ್ರ ನೀರು ಕಾಣೂವಂಥಾ ರೂಮ್ ಹಿಡೀತೇನಿ ನೋಡು" ಅಂದಿದ್ದ. ಎಮ್ಮೆ ಹಿಂಡುವ ಹೊತ್ತಿಗೆ ಮನೆಗೆ ಬಂದಿದ್ದರು. ಆ ಗಂಡ ಈಗ ಅವಳ ಮುಖ ನೋಡಿ ಮಾತಾಡಿ ತಿಂಗಳಾಗಿತ್ತು. ತಾಟು ನೋಡುತ್ತ ಉಣ್ಣುತ್ತಿದ್ದ, ಕೈತೊಳೆದು ಹೊರಟುಬಿಡುತ್ತಿದ್ದ.

ಮದುವೆಗೆ ಪತ್ರಿಕೆ ಹಾಕಿಸಲಿಲ್ಲ. ಹೂಲಿಯ ಒಂದು ಗುಡಿಯಲ್ಲಿ, ಇಪ್ಪತ್ತು ಜನರ ಮುಂದೆ, ಹನ್ನೊಂದು ಗಂಟೆಗೆ ಮುಹೂರ್ತ. "ಆರತಿ ತಯಾರಿ ಮಾಡ್ಕೊಂಡು ನೀ ಮನ್ಯಾಗ ಇರವಾ, ಹೊಸಬರನ್ನ ಒಳಗ ಕರಕೊಳ್ಳಾಕ ಒಬ್ರು ಬೇಕಲ್ಲ," ಅಂದಿದ್ದಳು ಚನ್ನವ್ವ, ಮತ್ತೆ ಅದೇ ಬೆಲ್ಲದ ದನಿಯಲ್ಲಿ.

ಮದುವೆಯ ದಿನ ಹನ್ನೊಂದೂವರೆಗೆ ಹೋಟೆಲಿನಿಂದ ಫೋನು ಬಂತು. ಮೂರನೇ ಮಹಡಿಯ ರೂಮು ಖಾಲಿಯಾಗಿದೆ. ಇನ್ನೊಬ್ಬರೂ ಕೇಳುತ್ತಿದ್ದಾರೆ. ಈಗಲೇ ಹೆಸರು ಬರೆಸಿದರೆ ನಿಮಗೆ, ಇಲ್ಲದಿದ್ದರೆ ಅವರಿಗೆ.

ಬೇಡ ಅಂದರೆ ಮುಗಿದಿತ್ತು. ರೂಮು ಸಿಗಲಿಲ್ಲ ಎಂದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಆ ಕಿಟಕಿ ಯಾರಿಗೂ ಇಲ್ಲದೆ ಹೋಗಲಿ ಎಂದು ಅವಳಿಗೆ ಒಂದು ಕ್ಷಣ ಬಲವಾಗಿ ಅನಿಸಿತು. ಆಮೇಲೆ ಸೊಂಟದ ಕೀಲಿ ಮುಟ್ಟಿಕೊಂಡಳು.

"ಯಾರ ಹೆಸರಿಗೆ, ಮೇಡಂ?"

ಫೋನು ಕೊಡೋಣವೆಂದು ತಿರುಗಿದಳು. ಪಡಸಾಲೆಯಲ್ಲಿ ಆರತಿ ತಟ್ಟೆ ಬಿಟ್ಟರೆ ಯಾರೂ ಇರಲಿಲ್ಲ. ಗಡಿಯಾರ ನೋಡಿದಳು. ಹೂಲಿಯಲ್ಲಿ ಅಕ್ಕಿಕಾಳು ಬಿದ್ದು ಅರ್ಧ ತಾಸಾಗಿರಬೇಕು. ಇನ್ನು ಸ್ನೇಹಲ್ ಆ ಹೆಸರು ಹೇಳುವವಳಲ್ಲ.

"ಸಚಿನ," ಅಂದಳು ಶೈಲಜಾ. ತನಗಷ್ಟೇ ಕೇಳುವಂತೆ. ಆ ಕಡೆಯವನು ಮತ್ತೊಮ್ಮೆ ಕೇಳಿದ. ಈ ಸಲ ಗಟ್ಟಿಯಾಗಿ ಹೇಳಿದಳು. "ಸಚಿನ. ಜೊತೆಗೆ ಸ್ನೇಹಲ್."

ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.