ಇನ್ನೆರಡು ಸಬ್‌ವೂಫರ್

ನೆಲದ ಮೇಲೆ ಅಂಬೆಗಾಲಿಡುತ್ತಿದ್ದ ಪರಶುರಾಮನಿಗೆ ಸೋಫಾದ ಅಡಿಯಲ್ಲಿ ಒಡೆದ ಬಳೆಯ ಚೂರುಗಳು ಕಂಡವು. ಹಸಿರು ಗಾಜಿನವು. ಪಕ್ಕದ ಗೋಡೆಯ ಬುಡದಲ್ಲಿ ಕಂದು ಬಣ್ಣದ ನಾಲ್ಕು ಹನಿ ಒಣಗಿ ಅಂಟಿದ್ದವು.

ನಲವತ್ತು ದಾಟಿದ ಗಂಡಸು ಕಂಡವರ ಮನೆಯಲ್ಲಿ ಹೀಗೆ ತೆವಳುವುದು ನಗುವ ವಿಷಯವೇ. ಆದರೆ ಸಬ್‌ವೂಫರ್, ಅಂದರೆ ದಪ್ಪ ಸದ್ದು ಗುಡುಗಿಸುವ ಸ್ಪೀಕರ್ ಡಬ್ಬ, ಕೂರಿಸುವ ಕೆಲಸ ಇರುವುದೇ ಹಾಗೆ. ಕೇಳುವವರು ಕೂರುವ ಸೋಫಾದ ಮೇಲೆ ಡಬ್ಬವನ್ನಿಟ್ಟು, ಹಾಡು ಹಚ್ಚಿ, ಗೋಡೆಗುಂಟ ತೆವಳುತ್ತ ಕಿವಿ ಕೊಡಬೇಕು. ಗುಡುಗು ಎಲ್ಲಿ ತುಂಬಿ ಕೇಳುತ್ತದೋ ಅಲ್ಲೇ ಡಬ್ಬದ ಜಾಗ. ದಾವಣಗೆರೆಯಲ್ಲಿ ಇಷ್ಟು ಕಷ್ಟ ತೆಗೆದುಕೊಳ್ಳುವವನು ತಾನೊಬ್ಬನೇ ಎಂಬ ಜಂಬ ಪರಶುರಾಮನಿಗಿತ್ತು. ಹರಿಹರದಿಂದ ಮತ್ತೆ ಕರೆ ಬಂದದ್ದೂ ಅದಕ್ಕೇ. ಹೋದ ವರ್ಷ ಈ ಮನೆಗೆ ಒಂದು ಸಬ್‌ವೂಫರ್ ಹಾಕಿ ಹೋಗಿದ್ದ. ಈಗ ಇನ್ನೆರಡು ಬೇಕಂತೆ.

"ಎಲ್ಲಾ ನನ್ನ ಹೆಂಡ್ತಿ ಹಟ," ಎಂದ ಮನೆಯ ಯಜಮಾನ ಕಾಂತರಾಜ್. ಭತ್ತ ಕೊಯ್ಯುವ ಯಂತ್ರಗಳನ್ನು ಬಾಡಿಗೆಗೆ ಬಿಡುವವನು. ಆಳೂ ದಪ್ಪ, ದನಿಯೂ ದಪ್ಪ. "ಮದುವೆ ವಾರ್ಷಿಕೋತ್ಸವಕ್ಕೆ ಬಂಗಾರ ಕೊಡಿಸ್ತೀನಿ ಅಂದ್ರೆ ಬ್ಯಾಡಂತೆ. ಇದೇ ಬೇಕಂತೆ."

ಪರಶುರಾಮ ನಂಬಲಿಲ್ಲ. ಬಂಗಾರ ಬಿಟ್ಟು ಕಪ್ಪು ಡಬ್ಬ ಕೇಳಿದ ಹೆಂಗಸನ್ನು ಅವನು ಇಪ್ಪತ್ತು ವರ್ಷದ ಕಸುಬಿನಲ್ಲಿ ಕಂಡಿರಲಿಲ್ಲ. ಅಲ್ಲದೆ, ಒಳಗೆ ಬರುವ ಮೊದಲೇ ಪಕ್ಕದ ಮನೆಯ ನಿಖತ್ ಗೇಟಿನ ಬಳಿ ಅವನನ್ನು ತಡೆದಿದ್ದಳು.

"ಅಣ್ಣಾ, ಸಂಜೆ ಆರಕ್ಕೆ ಇವರು ಸಿನಿಮಾ ಹಚ್ತಾರೆ. ನಡುನಡುವೆ ಚೈತ್ರಕ್ಕ ಕೂಗೋದು ಕೇಳ್ತೈತೆ. ಎರಡು ಸಲ ನಾವು ಓಡಿ ಬಂದು ಬಾಗ್ಲು ಬಡಿದೀವಿ. ಅದಕ್ಕೇ ಆಕೆ ಉಳಿದಾಳೆ. ನೀವು ಇನ್ನೆರಡು ಡಬ್ಬ ಇಟ್ಟು ಹೋದ್ರೆ ನಮಗೆ ಏನು ಕೇಳ್ತೈತೆ, ಹೇಳ್ರಿ?"

ಅವನು ಆಗಲೇ ವಾಪಸು ಹೋಗಬೇಕಿತ್ತು. ಹೋಗಲಿಲ್ಲ. ಒಪ್ಪಿಕೊಂಡ ಕೆಲಸ, ಗೊತ್ತಿದ್ದ ಗಿರಾಕಿ ಎಂದು ತನಗೆ ತಾನೇ ಸಬೂಬು ಹೇಳಿಕೊಂಡು ಒಳಗೆ ಬಂದಿದ್ದ. ಈಗ ಬಳೆ ಚೂರು ನೋಡಿದ ಮೇಲೆ ಆ ಸಬೂಬು ನಿಲ್ಲಲಿಲ್ಲ.

ಮಲೆಬೆನ್ನೂರಿನ ಗದ್ದೆಯಲ್ಲಿ ಯಂತ್ರ ಕೆಟ್ಟು ನಿಂತಿದೆಯೆಂದು ಫೋನ್ ಬಂತು. ಕಾಂತರಾಜ್ ಬೈಯುತ್ತ ಅಂಗಳಕ್ಕೆ ಹೋದ. ಚೈತ್ರಾ ಚಹಾ ತಂದಿಟ್ಟಳು. ಮೇ ತಿಂಗಳ ಧಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಟ್ಟಿದ್ದಳು.

ಪರಶುರಾಮ ದನಿ ತಗ್ಗಿಸಿದ. "ಅಕ್ಕಾರೆ, ಹೆದರಬ್ಯಾಡ್ರಿ. ಹೆಂಗಸರ ದನಿ ಸಣ್ಣದು. ಇದು ಎಷ್ಟೇ ಗುಡುಗಿದ್ರೂ ಮೇಲೆ ತೇಲಿ ಹೊರಗೆ ಕೇಳ್ತೈತೆ. ನಾನು ಹಂಗೇ ಸೆಟ್ಟಿಂಗ್ ಮಾಡಿ ಹೋಗ್ತೀನಿ."

ಅವಳು ಚಹಾದ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದಳು.

"ಗಂಡಸರದು?"

ಸಿನಿಮಾದ ಮಾತಿನ ಬಗ್ಗೆ ಕೇಳುತ್ತಿದ್ದಾಳೆ ಎಂದುಕೊಂಡ. ಪಾಪ, ಮಾತು ಮರೆಸುತ್ತಿದ್ದಾಳೆ. "ಅದು ದಪ್ಪ ದನಿ, ಇದರೊಳಗೇ ಮುಳುಗಿ ಹೋಗ್ತೈತೆ. ಡೈಲಾಗ್ ತಿಳಿಯಂಗಿಲ್ಲ ಅಂದ್ರೆ ಒಂಚೂರು ಇಳಿಸ್ತೀನಿ."

"ಇಳಿಸಬ್ಯಾಡ್ರಿ. ಹಂಗೇ ಇರ್ಲಿ." ಅಂಗಳದ ಕಡೆ ಒಮ್ಮೆ ನೋಡಿ ಕೇಳಿದಳು. "ಅಡುಗೆಮನೆಯಾಗೂ ಇಷ್ಟೇ ಸೌಂಡ್ ಇರ್ತೈತಾ?"

"ಒಂದೇ ಇದ್ರೆ ಒಂದು ಮೂಲೆಯಾಗೆ ಹೆಚ್ಚು, ಒಂದು ಮೂಲೆಯಾಗೆ ಕಡಿಮೆ. ಮೂರಿದ್ರೆ ಮನೆ ತುಂಬ ಒಂದೇ ಸಮ."

ಚೈತ್ರಾ ತಲೆಯಾಡಿಸಿದಳು. ಬಗ್ಗಿ ಬಳೆಯ ಚೂರುಗಳನ್ನು ಒಂದೊಂದಾಗಿ ಆರಿಸಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಒಳಗೆ ಹೋದಳು.

ಪರಶುರಾಮ ಒಂದು ಡಬ್ಬವನ್ನು ಟಿವಿಯ ಎದುರು ಗೋಡೆಗೆ ಇಟ್ಟ. ಇನ್ನೊಂದನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಇಟ್ಟ. ಹಚ್ಚಿ ನೋಡಿದಾಗ ಕಿಟಕಿಯ ಗಾಜು ಅದುರಿತು. ಕಾಂತರಾಜ್ ಓಡಿ ಬಂದು ಏನೋ ಕೂಗಿದ. ಬಾಯಿ ಆಡುವುದಷ್ಟೇ ಕಂಡಿತು, ಮಾತು ಕೇಳಲಿಲ್ಲ. ಅವನೇ ಖುಷಿಯಿಂದ ಪರಶುರಾಮನ ಬೆನ್ನು ತಟ್ಟಿದ. ಹೋಗುವಾಗ ಪರಶುರಾಮ, ಏನಾದರೂ ಆದರೆ ಫೋನ್ ಮಾಡ್ರಿ ಎಂದು ನಿಖತ್‌ಗೆ ತನ್ನ ನಂಬರ್ ಕೊಟ್ಟ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಒಂಬತ್ತನೇ ದಿನ ಸಂಜೆ, ಅಂಗಡಿಯಲ್ಲಿದ್ದಾಗ ಫೋನ್ ಬಂತು.

"ಅಣ್ಣಾ, ಪೊಲೀಸರು ಬಂದಾರೆ." ನಿಖತ್ ಅಳುತ್ತಿದ್ದಳು. "ಮನೆಯೊಳಗೆ ಹೆಣ ಐತಂತೆ. ಈ ಸಲ ನಮಗೆ ಕೂಗೇ ಕೇಳ್ಲಿಲ್ಲ. ಗೋಡೆ ನಡುಗಿದ್ದಷ್ಟೇ ಗೊತ್ತು."

ಹರಿಹರದವರೆಗೆ ಬೈಕ್ ಹೇಗೆ ಓಡಿಸಿದನೋ ಅವನಿಗೇ ತಿಳಿಯದು. ಹೆಂಗಸರ ದನಿ ಕೇಳುತ್ತದೆ ಎಂದು ಎಷ್ಟು ಧೈರ್ಯವಾಗಿ ಹೇಳಿದ್ದ. ದೊಡ್ಡ ತಿಳಿವಳಿಕಸ್ಥ. ಮೂರು ಡಬ್ಬ ಸೇರಿದರೆ ಏನಾಗುತ್ತದೆಂದು ಅಲ್ಲೇ ನೋಡಿಯೂ ಬಾಯಿ ಮುಚ್ಚಿಕೊಂಡು ಬಂದಿದ್ದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಯ ಮುಂದೆ ಜನ ಸೇರಿದ್ದರು. ನಾಲ್ವರು ಏದುಸಿರು ಬಿಡುತ್ತ ಹೆಣವನ್ನು ಹೊತ್ತು ತಂದು ಆಂಬುಲೆನ್ಸಿಗೆ ಏರಿಸಿದರು. ಮೇಲೆ ಬಿಳಿ ಬಟ್ಟೆ. ಪರಶುರಾಮ ಮುಖ ತಿರುಗಿಸಿದ. ಗೇಟಿನಲ್ಲಿ ನಿಂತಿದ್ದ ಮಾರುತಿ ಎಂಬ ಪೇದೆಯ ಕೈ ಹಿಡಿದುಕೊಂಡ.

"ಸಾರ್, ಆ ಡಬ್ಬ ಇಟ್ಟವ ನಾನು. ಕೂಗು ಹೊರಗೆ ಕೇಳದಂಗೆ ಮಾಡಿದವ ನಾನು. ನನ್ನೂ ಒಳಗೆ ಹಾಕ್ರಿ."

"ಸರಿ ಸರಿ, ಪಕ್ಕಕ್ಕೆ ನಿಲ್ರಿ. ಇನ್ನೊಬ್ರು ಬರೋದೈತೆ," ಎಂದ ಮಾರುತಿ.

ಬಾಗಿಲು ತೆರೆಯಿತು. ಇಬ್ಬರು ಮಹಿಳಾ ಪೇದೆಗಳ ನಡುವೆ ಚೈತ್ರಾ ಹೊರಗೆ ಬಂದಳು. ರವಿಕೆಯ ತೋಳನ್ನು ಮೊಣಕೈವರೆಗೆ ಮಡಚಿದ್ದಳು; ಹಳೆಯ ಬರೆಗಳೆಲ್ಲ ಎಲ್ಲರಿಗೂ ಕಾಣುತ್ತಿದ್ದವು. ಪರಶುರಾಮನ ಎದುರು ಬಂದಾಗ ಒಂದು ಗಳಿಗೆ ನಿಂತಳು.

"ನೀವು ಹೇಳಿದ್ದು ಖರೆ ಆತು ಅಣ್ಣಾ," ಎಂದಳು. "ಅಡುಗೆಮನೆಯಿಂದ ಯಜಮಾನರ ದನಿ ಒಂಚೂರೂ ಹೊರಗೆ ಹೋಗ್ಲಿಲ್ಲ."