ಸೀಟಿನಡಿಯ ಕೆಂಪು ವೈರ್

ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಬಂದರೆ ಇವತ್ತಿಗೂ ನನಗೆ ಕದ್ರಿಯ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ದುಬೈಯಲ್ಲಿದ್ದ ಡ್ಯಾಡಿ ರಜೆಗೆ ಬಂದಾಗ ಹಳೆಯ ವ್ಯಾನಿನೊಳಗೆ ಮಂಚ ಕೂರಿಸಿ, ಫ್ಯಾನು-ಲೈಟಿಗೆಂದೇ ಎರಡನೇ ಬ್ಯಾಟರಿ ಇಟ್ಟು ಹೋಗಿದ್ದರು. ದಿನಾ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿ, "ಇವತ್ತು ಪಣಂಬೂರು ಬೀಚಿಗೆ ಹೋಗಿದ್ರಿ, ಅಲ್ವಾ?" ಅನ್ನುತ್ತಿದ್ದರು. ಅವರ ಮಾತು ಒಮ್ಮೆಯೂ ತಪ್ಪುತ್ತಿರಲಿಲ್ಲ. ಪ್ರೀತಿ ಇದ್ದವರಿಗೆ ಅಷ್ಟು ದೂರದಿಂದಲೂ ಕಾಣುತ್ತದೆ ಅಂದುಕೊಂಡಿದ್ದೆ.

ಆ ಬ್ಯಾಟರಿ ಮಾತ್ರ ವ್ಯಾನ್ ನಿಂತಲ್ಲೇ ಖಾಲಿಯಾಗುತ್ತಿತ್ತು. "ನೀನು ಬಿಚ್ಚಬೇಡ, ನಾನು ಬಂದು ನೋಡ್ತೇನೆ" ಅಂದಿದ್ದರು ಡ್ಯಾಡಿ. ಮಮ್ಮಿ ಕೇಳಲಿಲ್ಲ. ಆ ಮಧ್ಯಾಹ್ನ ಕರೆಂಟ್ ಅಳೆಯುವ ಮೀಟರ್ ಹಚ್ಚಿ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತಳು. ಎಲ್ಲ ಕಿತ್ತರೂ ಅಂಕಿ ಸೊನ್ನೆಗೆ ಇಳಿಯಲಿಲ್ಲ. ಬ್ಯಾಟರಿಯಿಂದ ನೇರ ಹೊರಟಿದ್ದ ಕೆಂಪು ವೈರನ್ನು ಹಿಡಿದುಕೊಂಡು ಹೋಗಿ ಸೀಟಿನಡಿ ಕೈ ಹಾಕಿದಳು. ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿಯೊಂದು ಮಿಣಮಿಣ ಅನ್ನುತ್ತಿತ್ತು.

"ಎಂತ ಮಮ್ಮಿ ಅದು?"

"ವ್ಯಾನ್ ಎಲ್ಲಿ ಉಂಟು ಅಂತ ಡ್ಯಾಡಿಯ ಮೊಬೈಲಿಗೆ ಹೇಳುವುದು."

ಅವಳು ವೈರ್ ಕಿತ್ತಳು. ಆ ಸಂಜೆ ನಾವು ಅದೇ ವ್ಯಾನಿನಲ್ಲಿ ಬೋಳಾರಕ್ಕೆ ಹೋಗಿ ಹೊಳೆ ಬದಿಯಲ್ಲಿ ಕತ್ತಲಾಗುವವರೆಗೆ ಕೂತೆವು. ಮನೆಗೆ ಬಂದಾಗ ಫೋನ್ ರಿಂಗಾಗುತ್ತಿತ್ತು. ಮಮ್ಮಿ ಅದನ್ನು ನನ್ನ ಕೈಗೆ ಕೊಟ್ಟಳು.

"ಇವತ್ತು ಮನೆಯಲ್ಲೇ ಇದ್ರಿ, ಅಲ್ವಾ?"

ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

"ಹೌದು ಡ್ಯಾಡಿ" ಅಂದೆ.